ಖಂಡೇಪೂಜಿಯ ಬಾತ್ಮಿ

ಸಾಲಿ ಮುಗಿಸಿದ ಮಗ ಮತ್ತೆ ಬರೆಯುವುದನ್ನು ಕಲಿಯಲಿಕ್ಕೆ ಯಾಕೆ ಹೋಗಬೇಕು ಅನ್ನುವುದು ಉಡಚಪ್ಪನಿಗೆ ತಿಳಿಯಲೇ ಇಲ್ಲ. ನೀಲಪ್ಪ ರೋಣದ ಕನ್ನಡ ಸಾಲಿಯಲ್ಲಿ ಆರು ವರ್ಷ ಕೂತು ಎದ್ದವನು. ಕಾಗದ ಓದುತ್ತಿದ್ದ, ಲೆಕ್ಕ ಬಿಡಿಸುತ್ತಿದ್ದ, ಗೌಡರಿಗೆ ಬಂದ ಹುಕುಮಿನಲ್ಲಿ ಏನಿದೆ ಅಂತ ಚಾವಡಿಯಲ್ಲಿ ನಿಂತು ಊರಿಗೆಲ್ಲ ಹೇಳುತ್ತಿದ್ದ. ಚಿಕ್ಕನರಗುಂದದಂಥ ಊರಲ್ಲಿ ಅಷ್ಟು ಬಲ್ಲ ಹುಡುಗ ಇನ್ನೊಬ್ಬ ಇರಲಿಲ್ಲ. ಕಚೇರಿಯಲ್ಲಿ ಕಾರಕೂನಿಕೆ ಸಿಗುತ್ತಿತ್ತು. ಅದನ್ನು ಬಿಟ್ಟು ಅವನು ಎರಡು ದಿನದ ಹಾದಿ ನಡೆದು ಗಜೇಂದ್ರಗಡಕ್ಕೆ ಹೋದ. ಅಲ್ಲಿ ಗುರುಸಂಗಪ್ಪ ಅನ್ನುವ ಹಿರಿಯರೊಬ್ಬರ ಕಲ್ಲಚ್ಚಿನ ಛಾಪಖಾನಿಯಲ್ಲಿ ಸೇರಿಕೊಂಡ. ಗುರುಸಂಗಪ್ಪನವರು ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟದ ವರ್ತಮಾನಪತ್ರ ಹೊರಡಿಸುತ್ತಿದ್ದರು. ಹೆಸರು 'ಗಡದ ವರ್ತಮಾನ'.

"ಅಲ್ಲೇನ ಕಲಸ್ತಾರೋ?" ಅಂತ ಉಡಚಪ್ಪ ಕೇಳಿದ್ದ.

"ಬಾತ್ಮಿ ಬರಿಯೋದು."

"ಅದನ್ನೇನ ಕಲಿಯೋದದ? ಆಗಿದ್ದು ಬರದರ ಆತು."

"ಅದ ಯಾರಿಗೂ ಬರಂಗಿಲ್ಲಪ್ಪಾ," ಅಂದಿದ್ದ ಮಗ ನಗುತ್ತ.

ಮೊದಲ ಸಲ ಊರಿಗೆ ಬಂದಾಗ ಅವನು ಹೇಳಿದ ಕಥೆ ಕೇಳಿ ಮನೆಮಂದಿಯೆಲ್ಲ ನಕ್ಕಿದ್ದರು. ಇಟಗಿಯ ಹತ್ತಿರ ತೋಳ ಬಿದ್ದು ಬಹಳ ಕುರಿ ಸತ್ತವು ಅಂತ ನೀಲಪ್ಪ ಬರೆದುಕೊಟ್ಟನಂತೆ. ಗುರುಸಂಗಪ್ಪನವರು ಮೂಗಿಗೆ ಚಾಳೀಸು ಏರಿಸಿ ಓದಿ, ಕಾಗದವನ್ನು ನಾಲ್ಕು ತುಂಡು ಮಾಡಿ ಇವನ ಕೈಯಲ್ಲೇ ಇಟ್ಟರಂತೆ. "ಭಾಳ ಅಂದ್ರ ಎಷ್ಟು? ಯಾರ ಕುರಿ? ಕುರಿಯವನ ಅಪ್ಪನ ಹೆಸರೇನು? ನೀ ಕಣ್ಣಲೆ ಕಂಡಿ ಏನು, ಇಲ್ಲಾ ತೋಳ ಬಂದು ಹೇಳ್ತೋ?" ನೀಲಪ್ಪ ಬಿಸಿಲಲ್ಲಿ ಇಟಗಿಗೆ ನಡೆದುಹೋಗಿ, ಸತ್ತ ಕುರಿಗಳ ಕಿವಿ ಎಣಿಸಿ, ಕುರಿಯವನ ತಂದೆಯ ಹೆಸರು ಕೇಳಿಕೊಂಡು ಬಂದ. ಒಂಬತ್ತು ಕುರಿ. ಹೆಸರು, ತಂದೆಯ ಹೆಸರು, ಊರು, ಎಣಿಕೆ: ಈ ನಾಲ್ಕು ಇಲ್ಲದ್ದು ಬಾತ್ಮಿಯಲ್ಲ, ಗಾಳಿಮಾತು ಅನ್ನುವುದು ಗುರುಸಂಗಪ್ಪನವರ ಮಾತು. ಮೂರು ತಿಂಗಳಲ್ಲಿ ಅದು ಮಗನ ಮೈಯಲ್ಲಿ ಇಳಿದುಬಿಟ್ಟಿತ್ತು. ಊಟಕ್ಕೆ ಕೂತರೂ "ಅವ್ವಾ, ರೊಟ್ಟಿ ಎಷ್ಟು ಬಡದಿ?" ಅಂತ ಕೇಳುತ್ತಿದ್ದ. "ನೀ ತಿಂದಷ್ಟು ಬಡದೇನಿ, ಬರಕೋ," ಅನ್ನುತ್ತಿದ್ದಳು ತಾಯಿ ಮಾನವ್ವ.

ಅದು ಸಾವಿರದೆಂಟುನೂರಾ ಐವತ್ತೇಳನೆಯ ಇಸವಿ. ಉತ್ತರದ ಕಡೆ ದಂಡಿನ ಸಿಪಾಯಿಗಳು ಸಾಹೇಬರ ಮೇಲೆಯೇ ತಿರುಗಿ ಬಿದ್ದಿದ್ದಾರೆ ಅನ್ನುವ ಮಾತು ನರಗುಂದದ ಸಂತೆಯಲ್ಲಿ ಓಡಾಡುತ್ತಿತ್ತು. ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ. ಹತ್ತಿ ವ್ಯಾಪಾರಿಗಳು ಮಾತಾಡುತ್ತ ಮಾತಾಡುತ್ತ, ಗುರುತಿಲ್ಲದವನು ಹತ್ತಿರ ಬಂದರೆ ಮಳೆಯ ಸುದ್ದಿಗೆ ತಿರುಗಿಬಿಡುತ್ತಿದ್ದರು. ವರ್ತಮಾನಪತ್ರಗಳ ಮೇಲೂ ಆ ವರ್ಷ ಸರಕಾರದ ಕಣ್ಣು ಬಿದ್ದಿತ್ತು. ದಂಡಿನ ಬಾತ್ಮಿ ಬರೆಯುವ ಹಾಗಿಲ್ಲ, ಸಾಹೇಬರ ಬಾತ್ಮಿ ಬರೆಯುವ ಹಾಗಿಲ್ಲ. ಹೀಗಾಗಿ ಮಹಾನವಮಿಗೆ ಊರಿಗೆ ಹೊರಟ ನೀಲಪ್ಪನಿಗೆ ಗುರುಸಂಗಪ್ಪನವರು, "ಹಬ್ಬದ ಬಾತ್ಮಿ ತಗೊಂಡು ಬಾ. ಹಬ್ಬದಾಗ ಯಾರದೂ ತಕರಾರ ಇರೂದಿಲ್ಲ. ಚಲೋ ಬರದರ ನಿನ್ನ ಹೆಸರ ಹಾಕಿ ಛಾಪಸ್ತೀನಿ," ಅಂದಿದ್ದರು.

ಚಿಕ್ಕನರಗುಂದದಲ್ಲಿ ನವಮಿಯ ದಿನ ಮನೆಮನೆಯ ಆಯುಧಗಳೆಲ್ಲ ಹನಮಪ್ಪನ ಗುಡಿಯ ಕಟ್ಟೆಗೆ ಬರುತ್ತವೆ. ಅಜ್ಜ ಮುತ್ತಜ್ಜರು ಯಾವುದೋ ದೇಸಾಯಿಯ ಚಾಕರಿಯಲ್ಲಿ ಹಿಡಿದ ಕತ್ತಿ, ಕಳ್ಳರ ಕಾಲದಲ್ಲಿ ಕೊಂಡ ಬಂದೂಕು, ಭರ್ಚಿ, ಕಠಾರಿ. ವರ್ಷವಿಡೀ ಮಾಡಿನಲ್ಲಿ ಹೊಗೆ ಕುಡಿದವು ಅಂದು ಎಣ್ಣೆ ಕುಡಿದು, ಕುಂಕುಮ ಹಚ್ಚಿಕೊಂಡು, ಚೆಂಡುಹೂವಿನ ಮಾಲೆ ಹಾಕಿಕೊಂಡು ಸಾಲಾಗಿ ಮಲಗುತ್ತವೆ. ಅದೇ ಖಂಡೇಪೂಜೆ. ಯಾರ ಮನೆಯದು ಎಷ್ಟು ಅನ್ನುವುದೇ ಊರವರ ಹೆಮ್ಮೆ.

ನೀಲಪ್ಪ ಕಾಗದ ಹಿಡಿದು ಕಟ್ಟೆಯ ತುದಿಯಲ್ಲಿ ಕೂತ. ಉಡಚಪ್ಪ ಅವನ ಪಕ್ಕ ನಿಂತು, ಓದು ಬರಹ ಬಾರದಿದ್ದರೂ ತಾನೇ ಬರೆಸುವವನ ಹಾಗೆ ಕೈ ಬೀಸಿ ಒಬ್ಬೊಬ್ಬರನ್ನು ಕರೆದ. ಮುಂಬಯಿತನಕ ಹೋಗುವ ಕಾಗದದಲ್ಲಿ ಹೆಸರು ಬರುತ್ತದೆ ಅನ್ನುವುದು ಹಬ್ಬಿದ್ದೇ ತಡ, ಮಂದಿ ಮೇಲೆ ಬಿದ್ದರು.

"ನಮ್ಮದು ಎರಡು ಬರಿ, ನೀಲ್ಯಾ."

"ಒಂದ ಐತಲ್ಲೋ ಕಾಕಾ?"

"ಮುರದು ಎರಡ ಆಗೇದ. ಎರಡ ತುಂಡಿಗೂ ಹೂವ ಹಾಕೇನಿ. ಎರಡು ಬರಿ!"

ಗಾಳೆವ್ವ ಅನ್ನುವ ಮುದುಕಿ ಗಂಡ ಸತ್ತು ಹನ್ನೆರಡು ವರ್ಷವಾದ ಮೇಲೂ ಅವನ ಬಂದೂಕನ್ನು ಕೂಸಿನ ಹಾಗೆ ಸೆರಗಿನಲ್ಲಿ ಸುತ್ತಿ ತಂದಿದ್ದಳು. "ಅಂವನ ಹೆಸರ ಬರಿ. ಸತ್ತಾನ ಅಂತ ಬಿಡಬ್ಯಾಡ. ಅಂವ ಸತ್ತರೇನಾತು, ಬಂದೂಕ ಇನ್ನೂ ಗಟ್ಟಿ ಐತಿ." ನೀಲಪ್ಪ ಬರೆದ. ಅವಳು ಆ ಅಕ್ಷರವನ್ನು ಬೆರಳಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

ಕಟ್ಟೆಗೆ ಬಾರದವನು ಒಬ್ಬನೇ, ಕಮ್ಮಾರ ದ್ಯಾಮಪ್ಪ. ತನ್ನ ಕುಲುಮೆಯಲ್ಲೇ ಪೂಜೆ ಮಾಡುತ್ತಿದ್ದ. ಅಪ್ಪ ಮಗ ಇಬ್ಬರೂ ಅಲ್ಲಿಗೆ ಹೋದಾಗ ಅವನ ಮೂವರು ಗಂಡುಮಕ್ಕಳು ಬಾಗಿಲಿಗೆ ತೋರಣ ಕಟ್ಟುತ್ತಿದ್ದರು. ಒಳಗೆ ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಎರಡು ಬಂದೂಕುಗಳು. ಹೊಸದಾಗಿ ನಳಿಗೆ ಕೂಡಿಸಿದ್ದು ನೋಡಿದರೇ ತಿಳಿಯುತ್ತಿತ್ತು.

"ಬಾ ತಮ್ಮಾ, ಹೋಳಿಗಿ ತಿನ್ನು. ಕಾಗದ ಹೊರಗಿಟ್ಟು ಬಾ," ಅಂದ ದ್ಯಾಮಪ್ಪ.

"ಊರವರದೆಲ್ಲಾ ಬರದೇವು. ನಿಂದೊಂದ ಉಳದದ," ಅಂದ ಉಡಚಪ್ಪ.

"ನಂದು ಬ್ಯಾಡ. ಕಬ್ಬಿಣ ಸೊಟ್ಟ ಆದ್ರ ಕಾಸಿ ತಿದ್ತೀನಿ. ಕಾಗದದಾಗ ಹೋದದ್ದು ನನ್ನ ಕೈಯಾಗ ಇರಂಗಿಲ್ಲ. ಬ್ಯಾಡ ಅಂದ್ರ ಬ್ಯಾಡ."

"ಹೌದ ಬಿಡೋ ಕಾಕಾ, ಬರಿಯಂಗಿಲ್ಲ," ಅಂದ ನೀಲಪ್ಪ. ಹೋಳಿಗೆ ತಿಂದು ಬಂದರು.

ಸಂಜೆ ಪಡಸಾಲೆಯಲ್ಲಿ ಕೂತು ನೀಲಪ್ಪ ಎಲ್ಲವನ್ನೂ ಒಪ್ಪವಾಗಿ ತಿದ್ದಿ ಬರೆದ. ಕೊನೆಗೆ ಕೂಡಿಸಿ, "ಅರವತ್ತೊಂದು," ಅಂದ.

ಉಡಚಪ್ಪನ ಮುಖ ಸಣ್ಣದಾಯಿತು. ಹೊಳೆಯಾಚೆಯ ಊರವರು ತಮ್ಮಲ್ಲಿ ಅರವತ್ತೆರಡು ಆಗುತ್ತವೆ ಅಂತ ಸಂತೆಯಲ್ಲಿ ಹೇಳಿಕೊಂಡು ತಿರುಗಿದ್ದನ್ನು ಅವನು ಕೇಳಿದ್ದ. "ಲೇ ತಮ್ಮಾ, ದ್ಯಾಮಪ್ಪನ ಎರಡು ಹಿಡಿದ್ರ ಅರವತ್ತಮೂರು ಆಗ್ತಾವಲ್ಲ."

"ಅಂವ ಬ್ಯಾಡ ಅಂದಾನ."

"ಅಂವ ಯಾವಾಗ ಹೂಂ ಅಂದಾನು? ನಾಳೆ ಎಲ್ಲಾರ ಹೆಸರ ಬಂದು ತನ್ನದೊಂದ ಬರದಿದ್ರ ಮೊದಲ ಮಾರಿ ಬಿಗಿಯಾಂವನ ಅಂವ. ನೀ ಕಣ್ಣಲೆ ನೋಡಿದಿ ಇಲ್ಲೋ? ನಿಮ್ಮ ಗುರುಗೋಳು ಏನ ಹೇಳ್ಯಾರ? ಕಂಡಿದ್ದು ಬರಿ ಅಂದಾರಲ್ಲ? ಬರಿ."

ನೀಲಪ್ಪ ಲೆಕ್ಕಣಿಕೆಯನ್ನು ಮಸಿಯಲ್ಲಿ ಅದ್ದಿದ, ಒರೆಸಿದ, ಮತ್ತೆ ಅದ್ದಿದ. ಆಮೇಲೆ ಬರೆದ. ದ್ಯಾಮಪ್ಪ, ಅವನ ತಂದೆಯ ಹೆಸರು, ಊರು, ಬಂದೂಕು ಎರಡು, ಹೊಸ ನಳಿಗೆಯವು. ಉಡಚಪ್ಪ ಮಗನ ಬೆನ್ನ ಮೇಲೆ ಕೈ ಆಡಿಸಿದ. ಮರುದಿನ ಬನ್ನಿ ಕೊಟ್ಟು ತಗೊಂಡು ನೀಲಪ್ಪ ಗಜೇಂದ್ರಗಡದ ಹಾದಿ ಹಿಡಿದ.

ಒಂದು ವಾರ ಕಳೆದ ಮೇಲೆ ಊರಲ್ಲಿ ಡಂಗುರ ಬಿತ್ತು. ಮನೆಯಲ್ಲಿದ್ದ ಕತ್ತಿ, ಬಂದೂಕು, ಭರ್ಚಿ, ಏನೇ ಇರಲಿ, ಆರು ದಿನದೊಳಗೆ ಸರಕಾರಕ್ಕೆ ಒಪ್ಪಿಸಬೇಕು. ಬಚ್ಚಿಟ್ಟವರಿಗೆ ಸೆರೆಮನೆ. ಡಂಗುರದವನು ಅಷ್ಟೇ ಹೇಳಿದ. ಸೆರೆಮನೆಗಿಂತ ಹೆಚ್ಚಿನದನ್ನು ಅವನು ಹೋದ ಮೇಲೆ ಊರವರೇ ಒಬ್ಬರ ಕಿವಿಯಲ್ಲಿ ಒಬ್ಬರು ಹೇಳಿಕೊಂಡರು.

ಗೌಡ ಶಿವನಪ್ಪನ ಮನೆಯಲ್ಲಿ ಹಿರಿಯರು ಕೂಡಿದರು. ಉಡಚಪ್ಪನೂ ಹೋಗಿದ್ದ. ಎಲ್ಲವನ್ನೂ ಕೊಡುವುದು ಯಾರಿಗೂ ಒಗ್ಗಲಿಲ್ಲ. ಕೊಟ್ಟರೆ ಮುಂದಿನ ನವಮಿಗೆ ಏನು ಪೂಜೆ ಮಾಡುವುದು, ಕುಡುಗೋಲನ್ನೇ? ತುಕ್ಕು ಹಿಡಿದವು, ಮುರಿದವು, ಹಿಡಿಕೆ ಇಲ್ಲದವು ಇಪ್ಪತ್ತೊಂದನ್ನು ಆರಿಸಿದರು. ಉಳಿದ ನಲವತ್ತೆರಡಕ್ಕೆ ದ್ಯಾಮಪ್ಪ ಎಣ್ಣೆ ಸವರಿ, ಕಂಬಳಿಯಲ್ಲಿ ಸುತ್ತಿದ. ಗೌಡನ ದನದ ಹಿತ್ತಲಲ್ಲಿ ಒಂದು ಹಳೆಯ ಹಗೇವು ಇತ್ತು, ಜೋಳ ತುಂಬಿಡುವ ನೆಲದೊಳಗಿನ ಕುಣಿ. ಅದರಲ್ಲಿ ಇಳಿಸಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಸಗಣಿ ರಾಶಿ ಹಾಕಿದರು. ಉಡಚಪ್ಪನ ಅಜ್ಜನ ಕತ್ತಿಯೂ ಅದರಲ್ಲಿ ಹೋಯಿತು.

ನಾಲ್ಕನೆಯ ದಿನ ರೋಣದಿಂದ ಕಾರಕೂನ ಬಂದ. ತೆಳ್ಳಗಿನ ಮನುಷ್ಯ, ಮಾತು ಮೆತ್ತಗೆ. ಇಪ್ಪತ್ತೊಂದನ್ನೂ ಒಂದೊಂದಾಗಿ ನೋಡಿದ. ಗೌಡ ವಿಭೂತಿ ಮುಟ್ಟಿ, ಊರಲ್ಲಿ ಬೇರೆ ಒಂದೂ ಇಲ್ಲ ಅಂತ ಆಣೆ ಮಾಡಿ ಕಾಗದಕ್ಕೆ ಗುರುತು ಹಾಕಿದ.

"ಇಷ್ಟ ಏನ್ರಿ, ಗೌಡ್ರ?"

"ಇಷ್ಟರೀ."

"ಇನ್ನೂ ಎರಡ ದಿನ ಅದಾವು. ಕೂತು ನೆನಪು ಮಾಡಿಕೊಳ್ರಿ." ಕಾರಕೂನ ನಗಲೂ ಇಲ್ಲ, ಗದರಿಸಲೂ ಇಲ್ಲ. ಕುದುರೆ ಏರಿ ಹೋದ.

ಅವತ್ತು ಇಳಿಹೊತ್ತಿನಲ್ಲಿ ಗಾಳೆವ್ವ ಉಡಚಪ್ಪನ ಕಟ್ಟೆಗೆ ಬಂದು ಕೂತಳು. "ನಿನ್ನ ಮಗನ ಕಾಗದ ಯಾವಾಗ ಬರ್ತದೋ? ಬಂದೂಕ ಅಂತೂ ಮಣ್ಣಾಗ ಹೋತು. ನನ್ನ ಗಂಡನ ಹೆಸರರೆ ಕಣ್ಣಲೆ ನೋಡ್ತೀನಿ."

ಹನ್ನೆರಡು ದಿನದಿಂದ ಆ ಕಾಗದ ಉಡಚಪ್ಪನ ಲೆಕ್ಕದಲ್ಲಿ ಹಬ್ಬದ ಕಾಗದವಾಗಿತ್ತು. ಈಗ ಮೊದಲ ಸಲ ಅದು ಏನು ಅನ್ನುವುದು ಕಂಡಿತು. ಯಾರ ಮನೆ, ಯಾರ ಮಗ, ಎಷ್ಟು ಬಂದೂಕು, ಎಷ್ಟು ಕತ್ತಿ. ಕಾರಕೂನ ಬೇಕಾಗಿ ಹುಡುಕಿದರೂ ಅಷ್ಟು ಚೊಕ್ಕಟವಾದದ್ದು ಸಿಗಲಾರದು. ಮತ್ತು ಕೆಳಗೆ ಮಗನ ಹೆಸರು.

ಗೌಡನಿಗೆ ಹೇಳಬೇಕು ಅಂತ ಅವನು ಎದ್ದ. ನಾಲ್ಕು ಹೆಜ್ಜೆ ಹೋದ. ಹೇಳಿದರೆ ಊರು ಏನನ್ನುತ್ತದೆ? ನಿನ್ನ ಮಗ ನಮ್ಮ ಮನೆಮನೆಯ ಗುಟ್ಟು ಬರೆದುಕೊಂಡು ಹೋದ ಅನ್ನುತ್ತದೆ. ದ್ಯಾಮಪ್ಪನ ಮುಂದೆ ಏನಂತ ಹೇಳುವುದು? ಕಾಗದ ಇನ್ನೂ ಛಾಪಾ ಆಗಿಲ್ಲ, ಆಗಿದ್ದರೆ ಬರುತ್ತಿತ್ತು. ಹೋಗಿ ತಡೆದುಬಿಟ್ಟರೆ ಹೇಳುವ ಪ್ರಸಂಗವೇ ಬರುವುದಿಲ್ಲ. ಉಡಚಪ್ಪ ತಿರುಗಿ ಬಂದು ಕೂತ.

ಬೆಳಗಾಗುತ್ತಲೇ ಬುತ್ತಿ ಕಟ್ಟು ಅಂದಾಗ ಮಾನವ್ವ ಅವನ ಮುಖ ನೋಡಿದಳು. "ಬಿತ್ತೂ ದಿನದಾಗ ಎಲ್ಲಿಗ್ರಿ?"

"ಮಗನ್ನ ನೋಡಿ ಬರ್ತೀನಿ."

"ಜಡ್ಡೇನಾರ ಬಿದ್ದಾನೇನ್ರಿ?"

"ಇಲ್ಲ. ಸುಮ್ನ ಕಟ್ಟು."

ಅಂದು ರೋಣಕ್ಕೆ ಮುಟ್ಟಿದಾಗ ಕಚೇರಿಯ ಅಂಗಳದಲ್ಲಿ ಅವನು ಕಂಡದ್ದನ್ನು ಸೌದೆಯ ಒಟ್ಟಲು ಅಂತ ಮೊದಲು ತಿಳಿದ. ಹತ್ತಿರ ಹೋದ ಮೇಲೆ ಗೊತ್ತಾಯಿತು. ಕತ್ತಿಗಳು, ಆಳೆತ್ತರ. ಇಬ್ಬರು ಕಮ್ಮಾರರು ಕೂತು ಒಂದೊಂದನ್ನೇ ಕಲ್ಲಿಗೆ ಒತ್ತಿ ಮುರಿಯುತ್ತಿದ್ದರು. ಕೆಲವಕ್ಕೆ ಇನ್ನೂ ನವಮಿಯ ಕುಂಕುಮ ಇತ್ತು. ಉಡಚಪ್ಪ ಧರ್ಮಶಾಲೆಯಲ್ಲಿ ಮೈಚೆಲ್ಲಿ, ಮರುದಿನ ಹೊತ್ತು ನೆತ್ತಿಗೇರುವಾಗ ಗಜೇಂದ್ರಗಡ ಮುಟ್ಟಿದ. ಅವತ್ತಿಗೆ ಆರನೆಯ ದಿನ. ಸೂರ್ಯ ಮುಳುಗಿದರೆ ವಾಯಿದೆ ತೀರುತ್ತಿತ್ತು.

ಗುಡ್ಡದ ಬುಡದಲ್ಲಿ ನೇಕಾರರ ಓಣಿ. ಮನೆಮನೆಯಲ್ಲೂ ಮಗ್ಗ ಬಡಿಯುತ್ತಿತ್ತು. ಕೊನೆಯ ಮನೆಯ ಪಡಸಾಲೆಯಲ್ಲಿ ಒಂದು ಕಟ್ಟಿಗೆಯ ಯಂತ್ರ, ಅದರ ಮೇಲೆ ಹಾಸುಗಲ್ಲಿನಷ್ಟು ದೊಡ್ಡ ನುಣುಪು ಕಲ್ಲು. ನೀಲಪ್ಪ ಕೈ ತುಂಬ ಮಸಿ ಮಾಡಿಕೊಂಡು ನಿಂತಿದ್ದವನು ಅಪ್ಪನನ್ನು ಕಂಡು ಮುಖವರಳಿಸಿದ.

"ಅಪ್ಪಾ! ಬರೋಬ್ಬರಿ ವ್ಯಾಳ್ಯಾಕ ಬಂದಿ ನೋಡು. ಈಗ ಛಾಪಾ ಸುರೂ ಮಾಡೂದದ. ಇಲ್ಲೇ ನೋಡು, ನನ್ನ ಹೆಸರು."

ಕಲ್ಲಿನ ಮೇಲೆ ಅಕ್ಷರಗಳು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಕೊಂಡು ಕೂತಿದ್ದವು. ಉಡಚಪ್ಪನಿಗೆ ಅವು ಹೇಗಿದ್ದರೂ ಒಂದೇ. "ದ್ಯಾಮಪ್ಪಂದು ಯಾವದು?" ಅಂದ. ಮಗ ತೋರಿಸಿದ. "ಅಳಸು. ಎಲ್ಲಾ ಅಳಸು."

ಡಂಗುರ, ಗೌಡನ ಆಣೆ, ಹಗೇವು, ಎಲ್ಲವನ್ನೂ ಅವನು ನಿಂತಲ್ಲೇ ಹೇಳಿದ. ಒಳಗಿಂದ ಬಂದ ಗುರುಸಂಗಪ್ಪನವರು ಬಾಗಿಲಿಗೆ ಕೈಯಿಟ್ಟುಕೊಂಡು ಕೇಳಿದರು. ಮುದುಕರು, ಹಠ ಹಿಡಿಯುತ್ತಾರೆ, ಕಾಲು ಹಿಡಿಯಬೇಕಾದೀತು ಅಂದುಕೊಂಡು ಬಂದಿದ್ದ ಉಡಚಪ್ಪ. ಅವರು ಹಠ ಮಾಡಲಿಲ್ಲ. "ನೀಲಪ್ಪ, ಉಸುಕು ತಗೊಂಡು ಬಾ," ಅಂದರು. ಗುರು ಶಿಷ್ಯ ಇಬ್ಬರೂ ಕೂತು ಕಲ್ಲಿಗೆ ನೀರು ಹಾಕಿ, ಉಸುಕು ಹಾಕಿ ತಿಕ್ಕಿದರು. ಅರವತ್ತಮೂರು ಆಯುಧಗಳೂ ಅವುಗಳ ಒಡೆಯರೂ ಅವರ ಅಪ್ಪಂದಿರೂ ಕರೀ ನೀರಾಗಿ ಅಂಗಳಕ್ಕೆ ಹರಿದುಹೋದರು.

ಉಡಚಪ್ಪನಿಗೆ ಎರಡು ದಿನದ ಮೇಲೆ ಹಸಿವಾಯಿತು. ಬುತ್ತಿ ಬಿಚ್ಚಿ ರೊಟ್ಟಿ ಮುರಿದ. ಎರಡನೆಯ ತುತ್ತಿಗೆ ಅವನಿಗೆ ನೆನಪಾಯಿತು. "ಯಜಮಾನ್ರ, ಇಂವ ಊರಾಗ ಬರದ ಕಾಗದ ಎಲ್ಲದರಿ? ಅದನ್ನೂ ಒಲಿಗೆ ಹಾಕಿಬಿಡ್ರಿ."

ಗುರುಸಂಗಪ್ಪನವರು ತಿಕ್ಕುತ್ತಿದ್ದ ಕೈ ನಿಲ್ಲಿಸಿದರು. ಎದ್ದುಹೋಗಿ ಸಂದೂಕದಿಂದ ಕಾಗದ ತಂದು ಚಾಪೆಯ ಮೇಲೆ ಇಟ್ಟರು. ಅದರ ತಲೆಯ ಮೇಲೆ ಒಂದು ದುಂಡನೆಯ ಶಿಕ್ಕಾ ಇತ್ತು.

"ಇದೇನ್ರಿ?"

"ಕಚೇರಿ ಶಿಕ್ಕಾ. ಈ ವರ್ಷದಿಂದ ಏನ ಛಾಪಸೂದಿದ್ರೂ ಮೊದಲ ಅಲ್ಲಿಗೆ ಹೋಗಿ ಬರಬೇಕು. ಹಂಗಂತ ಬರಸಿಕೊಂಡ ನನಗ ಪರವಾನಿಗಿ ಕೊಟ್ಟಾರ. ಮೂರು ದಿನದ ಹಿಂದ ತಿರುಗಿ ಬಂತು. ಹಬ್ಬದ ಬಾತ್ಮಿ ಅಂತ ನಾನ ಕಳಿಸಿದ್ನಿ." ಅವರ ದನಿ ಸಣ್ಣದಾಗಿತ್ತು. "ತಕರಾರಿಲ್ಲದ ಪಾಸಾತಲ್ಲ ಅಂತ ಖುಷಿಪಟ್ಟೆ."

ಉಡಚಪ್ಪ ಬಗ್ಗಿ ನೋಡಿದ. ಪ್ರತಿಯೊಂದು ಸಾಲಿನ ಮುಂದೆ ಎಳ್ಳುಕಾಳಿನಷ್ಟು ಕೆಂಪು ಚುಕ್ಕೆ. "ಇವು?"

"ನಾ ಹಾಕಿದ್ದಲ್ಲ," ಅಂದ ನೀಲಪ್ಪ. "ಯಾರೋ ಒಂದೊಂದ ಎಣಿಸ್ಯಾರ, ಅಪ್ಪಾ."

ಕಾಗದ ಮೂರು ದಿನದ ಹಿಂದೆಯೇ ತಿರುಗಿ ಬಂದಿದೆ ಅಂದರೆ, ಕಾರಕೂನ ಊರಿಗೆ ಬರುವುದಕ್ಕಿಂತ ಮೊದಲೇ ಕಚೇರಿಯವರು ಅದನ್ನು ಓದಿದ್ದರು. ಕೂತು ನೆನಪು ಮಾಡಿಕೊಳ್ಳಿರಿ ಅಂದವನು ಎಲ್ಲ ಗೊತ್ತಿದ್ದೇ ಅಂದಿದ್ದ. ಅವತ್ತು ಉಡಚಪ್ಪ ಗೌಡನ ಮನೆಯತನಕ ಇನ್ನೂ ಹತ್ತು ಹೆಜ್ಜೆ ಹೋಗಿದ್ದರೆ, ಹಗೇವು ತೆರೆದು ಒಪ್ಪಿಸಲಿಕ್ಕೆ ಎರಡು ಪೂರ್ತಿ ದಿನಗಳಿದ್ದವು. ಆ ಎರಡು ದಿನವನ್ನು ಅವನು ನಡೆದು ಕಳೆದಿದ್ದ.

"ನೀ ಇಲ್ಲೇ ಇರು," ಅಂದ ಮಗನಿಗೆ. "ಊರ ಕಡೆ ಮಾರಿ ಹಾಕಬ್ಯಾಡ."

"ನನ್ನ ಕೈ ಬರದದ್ದು. ನಾ ಬರ್ತೀನಿ."

"ಹೋಗಬ್ಯಾಡಪಾ," ಅಂದರು ಗುರುಸಂಗಪ್ಪನವರೂ. ನೀಲಪ್ಪ ಕೈ ತೊಳೆದುಕೊಂಡ. ಉಗುರಿನ ಸಂದಿಯ ಮಸಿ ಹೋಗಲಿಲ್ಲ. ಹಾಗೆಯೇ ಹೊರಟ.

ಮರುದಿನ ರೋಣ ದಾಟಿ ಬೆಣ್ಣಿಹಳ್ಳದ ದಂಡೆಗೆ ಬಂದಾಗ ಎರೆಮಣ್ಣಿನಲ್ಲಿ ಗಾಡಿಯ ಗಾಲಿ ಕೊರೆದ ಆಳವಾದ ಗೆರೆಗಳು ಕಂಡವು. ಎರಡು ಗಾಡಿ. ಎರಡೂ ಬದಿಗೆ ಕುದುರೆಯ ಗೊರಸು. ಎಲ್ಲ ತಮ್ಮೂರಿನ ಕಡೆಗೇ ಹೋಗಿದ್ದವು. ಗೊರಸಿನ ಕುಣಿಯಲ್ಲಿ ನೀರು ಇನ್ನೂ ತಿಳಿಯಾಗಿರಲಿಲ್ಲ.

"ಎಷ್ಟು ಕುದರಿ ಇರಬೇಕಪ್ಪಾ?" ಅಂದ ನೀಲಪ್ಪ. ಅಂದವನು ತಾನೇ ಬಾಯಿ ಮುಚ್ಚಿಕೊಂಡ.

ಊರ ಅಗಸಿಬಾಗಿಲಲ್ಲಿ ಒಂದು ಮಗುವೂ ಆಡುತ್ತಿರಲಿಲ್ಲ. ಮಂದಿಯೆಲ್ಲ ಗೌಡನ ಹಿತ್ತಲಲ್ಲಿ ಗೋಡೆಗೆ ಒತ್ತಿ ನಿಂತಿದ್ದರು. ಸಗಣಿ ರಾಶಿ ಒಂದು ಬದಿಗೆ ಚೆಲ್ಲಿತ್ತು. ಹಗೇವು ಬಾಯಿ ತೆರೆದಿತ್ತು. ಕಂಬಳಿಗಳನ್ನು ಬಿಚ್ಚಿ, ಎಣ್ಣೆ ಮಿಂಚುವ ಕತ್ತಿ ಬಂದೂಕುಗಳನ್ನು ಸಿಪಾಯಿಗಳು ನೆಲದ ಮೇಲೆ ಜೋಡಿಸುತ್ತಿದ್ದರು. ಗೌಡ ಶಿವನಪ್ಪನನ್ನು ಗಾಡಿಯ ಗೂಟಕ್ಕೆ ಕಟ್ಟಿದ್ದರು. ದ್ಯಾಮಪ್ಪನ ಕೈಗೂ ಹಗ್ಗ ಬಿದ್ದಿತ್ತು. ಅವನ ಮೂವರು ಮಕ್ಕಳು ಎದೆಯ ಮೇಲೆ ಕೈ ಕಟ್ಟಿಕೊಂಡು ಗೋಡೆಯ ಹತ್ತಿರ ಸಾಲಾಗಿ ನಿಂತಿದ್ದರು.

ಹಾಸಿದ ಜಮಖಾನೆಯ ಮೇಲೆ ಕೂತಿದ್ದ ಕಾರಕೂನ ತಲೆಯೆತ್ತಿದ. "ನೀನ ಏನು ನೀಲಪ್ಪ? ಬಾ, ಬಾ." ಅವನು ಹಿತ್ತಲಿಗೆಲ್ಲ ಕೇಳುವ ಹಾಗೆ ಹೇಳಿದ. "ಸಾಹೇಬರಿಗೆ ನಿನ್ನ ಕಾಗದ ಓದಿ ಹೇಳಿದ್ನಿ. ಭೇಷ್ ಅಂದರು. ಎಲ್ಲಾ ಊರಾಗೂ ಹುಡುಕಿ ಹುಡುಕಿ ಸಾಕಾತು. ನಿಮ್ಮೂರಾಗ ಹುಡುಕೂದ ಬೀಳಲಿಲ್ಲ, ಹೆಸರ ಓದಿ ಹೇಳಿದ ಕೂಡಲೆ ಅವರ ಹಗೇವು ತೋರಿಸಿದ್ರು. ಇಂಥಾ ಬಾತ್ಮೀದಾರ ಸರಕಾರಕ್ಕ ಬೇಕು. ಇವತ್ತಿನಿಂದ ನಿನಗ ಚಾಕರಿ ಅದ ಅಂತ ತಿಳಿ."

ಗೋಡೆಗುಂಟ ನಿಂತವರೆಲ್ಲರ ಕಣ್ಣು ನೀಲಪ್ಪನ ಕಡೆ ತಿರುಗಿದವು. ಗಾಳೆವ್ವನ ದನಿ ಒಂದೇ ಕೇಳಿಸಿತು. "ನನ್ನ ಬಾಯಿಲೆ ಹೇಳಿಸಿಕೊಂಡು ಬರಕೊಂಡ್ಯಲ್ಲೋ, ಕೂಸ."

"ನಾನ ಬರಸಿದ್ದು!" ಉಡಚಪ್ಪ ಮುಂದೆ ಬಂದು ಕೂಗಿದ. "ಅಂವಗೇನೂ ತಿಳೀದು. ದ್ಯಾಮಪ್ಪಂದೂ ನಾನ ಬರಿ ಅಂದ್ನಿ. ಮಗ ಒಲ್ಲೆ ಅಂದಿದ್ದ, ನಾನ ಬರಸಿದ್ನಿ."

ಹಿಂದಿನಿಂದ ಯಾರೋ ಮೆಲ್ಲಗೆ, "ಹಡದಾಂವ ಮತ್ತ, ಹಂಗ ಹೇಳಬೇಕಲ್ಲ," ಅಂದರು. ಅಷ್ಟಕ್ಕೇ ಅವನ ಮಾತು ಮುಗಿಯಿತು.

ಕಾರಕೂನ ಒಂದು ಕೋರಾ ಕಾಗದ, ಮಸಿ ಕುಡಿಕೆ ಮುಂದೆ ಸರಿಸಿದ. "ಕೂಡು. ಈ ನಲವತ್ತೆರಡೂ ಯಾರ್ಯಾರವು ಅಂತ ನಿನಗ ಗುರ್ತ ಅದ. ಬರಿ."

"ನಾ ಬರಿಯಂಗಿಲ್ರಿ," ಅಂದ ನೀಲಪ್ಪ.

"ಬ್ಯಾಡ ಬಿಡು." ಕಾರಕೂನನಿಗೆ ಸಿಟ್ಟು ಬರಲಿಲ್ಲ. "ಹಂಗಿದ್ರ ಅರವತ್ತಮೂರು ಅವ ಅಂತ ಗೊತ್ತಿದ್ದಾಂವ ಇಪ್ಪತ್ತೊಂದು ಕೊಟ್ಟಾಗ ಯಾಕ ಸುಮ್ನ ಇದ್ದ ಅಂತ ನಾ ಬರಕೋಬೇಕಾಗ್ತದ. ಜಮಖಾನಿ ಮ್ಯಾಲರೆ ಕೂಡು, ಇಲ್ಲಾ ಆ ಗೂಟದ ಹಂತ್ಯಾಕ ಹೋಗಿ ನಿಂದ್ರು."

ನೀಲಪ್ಪ ಗೂಟದ ಕಡೆಗೆ ಕಾಲು ಎತ್ತಿದ. ಉಡಚಪ್ಪ ಅವನ ರಟ್ಟೆ ಹಿಡಿದ.

"ಬರಿ, ತಮ್ಮಾ."

"ಅಪ್ಪಾ, ಊರು—"

"ಊರು ಇರ್ತದ. ನೀ ಇರಬೇಕು. ಕೂಡು. ಬರಿ."

ಅವನನ್ನು ಜಮಖಾನೆಯ ಮೇಲೆ ಒತ್ತಿ ಕೂಡಿಸಿ ಉಡಚಪ್ಪ ಕಾರಕೂನನ ಕಡೆ ತಿರುಗಿದ. "ಅದರಾಗ ಒಂದು ಕತ್ತಿ ನಂದು ಅದರಿ. ಹಗೇವಿನಾಗ ನಾನೂ ಇಟ್ಟೇನಿ." ತಾನಾಗಿ ಕೈ ಮುಂದೆ ಮಾಡಿದ. ಸಿಪಾಯಿ ದ್ಯಾಮಪ್ಪನನ್ನು ಕಟ್ಟಿದ ಹಗ್ಗದ ಇನ್ನೊಂದು ತುದಿಯನ್ನು ಅವನ ಕೈಗೆ ಬಿಗಿದ.

ಹತ್ತು ಮಂದಿಯನ್ನು ಮೊದಲು ರೋಣಕ್ಕೆ ಅಟ್ಟಿದರು. ಮಾನವ್ವ ಅಗಸಿಯತನಕ ಓಡಿ ಬಂದಳು, ಮುಂದೆ ಸಿಪಾಯಿಗಳು ಬಿಡಲಿಲ್ಲ. "ಮಗನ ಹಂತ್ಯಾಕ ಹೋಗು," ಅಂತ ಉಡಚಪ್ಪ ಕೂಗಿದ. ಅವಳು ಗಂಡನನ್ನು ಒಮ್ಮೆ, ಊರನ್ನು ಒಮ್ಮೆ ನೋಡುತ್ತ ನಿಂತೇ ಇದ್ದಳು.

ಎರೆಹೊಲದ ಹಾದಿಯಲ್ಲಿ ಒಬ್ಬರ ಹಿಂದೆ ಒಬ್ಬರು ನಡೆದರು. ದ್ಯಾಮಪ್ಪ ಮುಂದೆ, ಉಡಚಪ್ಪ ಹಿಂದೆ, ನಡುವೆ ಒಂದು ಮಾರು ಹಗ್ಗ. ನರಗುಂದದ ಗುಡ್ಡ ಬೆನ್ನ ಹಿಂದೆ ಸರಿಯುತ್ತ ಬಂತು. ಒಂದು ಹರದಾರಿ ನಡೆದ ಮೇಲೆ ದ್ಯಾಮಪ್ಪ ತಿರುಗದೆಯೇ ಕೇಳಿದ.

"ಖರೇ ಹೇಳು. ನೀ ಬರಸಿದಿ, ಇಲ್ಲಾ ಮಗನ್ನ ಮುಚ್ಚಾಕ ಹಂಗಂದಿ?"

"ನಾನ ಬರಸಿದ್ದು. ಮಗ ಬ್ಯಾಡ ಅಂದ. ಹೊಳಿ ಆಚಿ ಊರವರಕಿಂತ ನಮ್ಮದು ಒಂದ ಹೆಚ್ಚಾಗಲಿ ಅಂತ ನಾನ ಬರಸಿದ್ನಿ, ದ್ಯಾಮಪ್ಪ."

ಹಗ್ಗ ಒಮ್ಮೆ ಸಡಿಲಾಯಿತು, ಒಮ್ಮೆ ಬಿಗಿಯಾಯಿತು.

"ನಾ ನಂಬತೀನಿ," ಅಂದ ದ್ಯಾಮಪ್ಪ ಕೊನೆಗೆ. "ನೀ ಅಂಥಾಂವನ ಇದ್ದಿ. ಆದ್ರ ನನ್ನ ಮಕ್ಕಳು ನಂಬೂದಿಲ್ಲ. ನನ್ನ ಕಟ್ಟೂ ಮುಂದ ಮೂರು ಮಂದಿಗೂ ಕಿವಿಯಾಗ ಒಂದು ಮಾತು ಹೇಳಿ ಬಂದೇನಿ."

ಉಡಚಪ್ಪನ ಕಾಲು ನಿಂತವು. ಹಗ್ಗ ಜಗ್ಗಿ ಮುಗ್ಗರಿಸಿದ. ಹಿಂದಿನ ಸಿಪಾಯಿ ಕೋಲಿನಿಂದ ಬೆನ್ನಿಗೆ ತಿವಿದ. ಊರು ಆಗಲೇ ಜಾಲಿಗಿಡಗಳ ಹಿಂದೆ ಹೋಗಿತ್ತು. ಕೂಗಿದರೆ ಕೇಳುವಷ್ಟು ಹತ್ತಿರ ಯಾರೂ ಇರಲಿಲ್ಲ.

"ಏನ ಹೇಳಿದಿ?"

ಇಪ್ಪತ್ತು ಹೆಜ್ಜೆ ಹೋದ ಮೇಲೆ ದ್ಯಾಮಪ್ಪ ಮೊದಲ ಸಲ ಹಿಂತಿರುಗಿ ನೋಡಿದ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ಮಾಡಿದ್ದನ್ನು ಹಿಂದಕ್ಕೆ ತಗೊಳ್ಳಲಿಕ್ಕೆ ಆಗದವನ ಮುಖ ಅದು.

"ಕಾರಕೂನ ಇರೂತನಕ ಸಿಪಾಯರು ಇರ್ತಾರ, ಅಲ್ಲೀತನಕ ನನ್ನ ಮಕ್ಕಳು ಅಂವನ್ನ ಮುಟ್ಟೂದಿಲ್ಲ," ಅಂದ. "ಬರದು ಮುಗಿಯೂತನಕ ಕಾರಕೂನ ಇರ್ತಾನ. ನಿನ್ನ ಮಗಾ ಹ್ಯಾಂಗ ಬರೀತಾನ, ಲಗೂ ಬರೀತಾನೇನು?"

"ಇಲ್ಲ," ಅಂದ ಉಡಚಪ್ಪ. ಬಿಸಿಲು ಇಳಿಯುತ್ತ ಬಂದಿತ್ತು. "ನಿಧಾನ. ಭಾಳ ನಿಧಾನ ಬರೀತಾನ."